ಹಡಪದೊಳಗಿನ ಕಲ್ಲು

(ಪೀಣ್ಯದ ಟೂಲ್‌ರೂಂ ಕೆಲಸಗಾರರು ಹಾಗೂ ಸುತ್ತಲಿನ ಬಡಾವಣೆಗಳ ಕ್ಷೌರಿಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತವರೆಲ್ಲರೂ ಒಂದು ಸಣ್ಣ ಸದ್ದನ್ನು ಕೇಳಿರುತ್ತಾರೆ. ಕ್ಷೌರಿಕರು ಹೊಸ ಬ್ಲೇಡೊಂದನ್ನು ಕಾಗದದ ಸಮೇತ ಬೆರಳುಗಳ ನಡುವೆ ಹಿಡಿದು ಉದ್ದಕ್ಕೆ ಬಾಗಿಸುತ್ತಾರೆ. ‘ಟಕ್’ ಎಂದು ಅದು ಎರಡು ಹೋಳಾಗುತ್ತದೆ. ಒಂದು ಹೋಳು ಹಿಡಿಕೆಯೊಳಗೆ ಸೇರುತ್ತದೆ. ಇನ್ನೊಂದು ಮುಂದಿನ ಗಿರಾಕಿಗೆ. ಕೆಲಸ ಮುಗಿದೊಡನೆ ಬಳಸಿದ ಹೋಳು ಡಬ್ಬಿಗೆ ಬೀಳುತ್ತದೆ. ಪೀಣ್ಯದ ಎರಡು ಕುರ್ಚಿಯ ಅಂಗಡಿಯಾಗಲಿ, ವೈಟ್‌ಫೀಲ್ಡಿನ ಹವಾನಿಯಂತ್ರಿತ ಸೆಲೂನಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಕೋನಪ್ಪನ ಅಗ್ರಹಾರವಾಗಲಿ, ಎಲ್ಲ ಕಡೆಯೂ ಇದೇ ಸದ್ದು. ಹರಿತ ಎಂಬುದು ಈಗ ದುಡ್ಡು ಕೊಟ್ಟು ಕೊಳ್ಳುವ, ಬಳಸಿ ಬಿಸಾಡುವ ವಸ್ತು.

ಎರಡು ತಲೆಮಾರುಗಳ ಹಿಂದೆ ಹೀಗಿರಲಿಲ್ಲ. ಆಗ ಹರಿತವನ್ನು ಯಾರೂ ಕೊಳ್ಳುತ್ತಿರಲಿಲ್ಲ, ಮಾಡಿಕೊಳ್ಳುತ್ತಿದ್ದರು. ಕ್ಷೌರಿಕರು ಕಂಕುಳಲ್ಲಿ ಇಟ್ಟುಕೊಂಡು ಮನೆಯಿಂದ ಮನೆಗೆ ಒಯ್ಯುತ್ತಿದ್ದ ಚೀಲಕ್ಕೆ ಹಡಪ ಎಂದು ಹೆಸರು. ಅದರಲ್ಲಿ ಮಡಚುವ ಕತ್ತಿ, ಕತ್ತರಿ, ಬಾಚಣಿಗೆ, ಉಗುರು ತೆಗೆಯುವ ಉಳಿ, ಕೈಗನ್ನಡಿ, ನೀರಿನ ಬಟ್ಟಲು, ಒಂದು ತುಂಡು ಚರ್ಮ ಇವೆಲ್ಲ ಇರುತ್ತಿದ್ದವು. ಇವುಗಳ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಕಲ್ಲೊಂದು ಇರುತ್ತಿತ್ತು. ಅದೇ ಸಾಣೆಕಲ್ಲು. ಕತ್ತಿ ಹಳೆಯದಾದರೆ ಬದಲಾಯಿಸಬಹುದಿತ್ತು. ಕಲ್ಲನ್ನು ಮಾತ್ರ ಅಪ್ಪ ಮಗನಿಗೆ ಕೊಡುತ್ತಿದ್ದ. ಇಂದು ಅಂತಹ ಕಲ್ಲುಗಳು ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಬಚ್ಚಲ ಮೂಲೆಯಲ್ಲೋ ಬಿದ್ದಿವೆ. ಅದೊಂದು ಕಲ್ಲು, ಅಷ್ಟೇ ಎಂದುಕೊಂಡು ಎಸೆಯುವ ಮುನ್ನ ಅದರ ಬಗ್ಗೆ ನಾಲ್ಕು ಮಾತು ತಿಳಿದುಕೊಳ್ಳುವುದು ಒಳ್ಳೆಯದು.

ಮಾತಿನಲ್ಲಿ ಉಳಿದ ಸಾಣೆ

ಸಂಸ್ಕೃತದ ‘ಶಾಣ’ ಕನ್ನಡಕ್ಕೆ ಬಂದು ‘ಸಾಣೆ’ಯಾಯಿತು. ಅದಕ್ಕೂ ಮೊದಲೇ ನಮ್ಮಲ್ಲಿ ‘ಮಸೆ’ ಎಂಬ ಅಚ್ಚ ಮಾತಿತ್ತು. ಮಸೆಯುವ ಕಲ್ಲು ಮಸೆಗಲ್ಲು. ಗಂಧದ ಕೊರಡನ್ನು ತೇಯುವ ಕಲ್ಲನ್ನೂ ಸಾಣೆ ಎಂದೇ ಕರೆಯುತ್ತೇವೆ. ಹಗೆ ಸಾಧಿಸುವವನು ಕತ್ತಿ ಮಸೆಯುತ್ತಾನೆ. ಓದುವ ಹುಡುಗ ಬುದ್ಧಿಗೆ ಸಾಣೆ ಹಿಡಿಯುತ್ತಾನೆ. ಕಲ್ಲು ಬಳಕೆಯಿಂದ ಮರೆಯಾದರೂ ಮಾತು ಮರೆಯಾಗಿಲ್ಲ. ಅತಿ ಕಷ್ಟದ ದಾರಿಯನ್ನು ಕಠೋಪನಿಷತ್ತು ಹೋಲಿಸಿದ್ದು ಕ್ಷೌರದ ಕತ್ತಿಯ ಅಲಗಿಗೇ. ಯುದ್ಧದ ಖಡ್ಗವನ್ನು ಬಿಟ್ಟು ಕ್ಷೌರದ ಕತ್ತಿಯನ್ನು ಆರಿಸಿಕೊಂಡದ್ದನ್ನು ಗಮನಿಸಬೇಕು. ಹರಿತಕ್ಕೆ ಅದಕ್ಕಿಂತ ದೊಡ್ಡ ಉಪಮೆ ಅಂದಿನವರಿಗೆ ಸಿಕ್ಕಿರಲಿಲ್ಲ.

ಈ ಕೌಶಲ ಎಷ್ಟು ಹಳೆಯದು ಎಂಬುದಕ್ಕೆ ಸುಶ್ರುತ ಸಂಹಿತೆಯಲ್ಲಿ ಸಾಕ್ಷ್ಯವಿದೆ. ಅದರ ಸೂತ್ರಸ್ಥಾನದ 8ನೇ ಅಧ್ಯಾಯ ಶಸ್ತ್ರಚಿಕಿತ್ಸೆಯ 20 ಬಗೆಯ ಹರಿತ ಉಪಕರಣಗಳನ್ನು ವಿವರಿಸುತ್ತದೆ. ಅವುಗಳನ್ನು ಮಸೆಯಲು ಉದ್ದಿನ ಬಣ್ಣದ ನುಣುಪು ಕಲ್ಲನ್ನು ಹೇಳುತ್ತದೆ. ಮಸೆದ ಮೇಲೆ ಬಾಯಿಯನ್ನು ನೆಲೆಗೊಳಿಸಲು ಬೂರುಗದ ಮರದ ಹಲಗೆಯನ್ನು ಹೇಳುತ್ತದೆ. ಯಾವ ಕೆಲಸಕ್ಕೆ ಎಷ್ಟು ಹರಿತವಿರಬೇಕೆಂಬ ಅಳತೆಯೂ ಅಲ್ಲಿದೆ: ಸೀಳುವ ಉಪಕರಣದ ಬಾಯಿ ಮಸೂರ ಬೇಳೆಯಷ್ಟು ದಪ್ಪವಿದ್ದರೆ ಸಾಕು, ಕತ್ತರಿಸುವ ಉಪಕರಣಕ್ಕೆ ಅರ್ಧ ಕೂದಲಿನಷ್ಟು ತೆಳುವಾದ ಬಾಯಿ ಬೇಕು. ಕೂದಲನ್ನು ಕತ್ತರಿಸಬಲ್ಲದಾದಾಗ ಮಾತ್ರ ಶಸ್ತ್ರ ಬಳಕೆಗೆ ಸಿದ್ಧ. ಒಂದು ಕಲ್ಲು, ಒಂದು ಹಲಗೆ, ಕೊನೆಗೆ ಕೂದಲಿನ ಪರೀಕ್ಷೆ. ಹಲಗೆಯ ಜಾಗದಲ್ಲಿ ಚರ್ಮವನ್ನಿಟ್ಟರೆ ನಮ್ಮ ಹಡಪದ ವಿಧಾನ ಇದೇ.

ಹರಿತ ಎಂದರೇನು?

ಎರಡು ಇಳಿಜಾರುಗಳು ಒಂದು ಗೆರೆಯಲ್ಲಿ ಕೂಡುವುದೇ ಹರಿತ. ಆ ಗೆರೆ ಎಷ್ಟು ತೆಳುವೋ ಅಷ್ಟು ಹರಿತ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹದಿನಾಲ್ಕನೇ ಒಂದು ಭಾಗ. ಚೆನ್ನಾಗಿ ಮಸೆದ ಕ್ಷೌರಕತ್ತಿಯ ಬಾಯಿ ಒಂದು ಮೈಕ್ರಾನಿಗಿಂತಲೂ ತೆಳು. ಕಲ್ಲು ಇದನ್ನು ಮಾಡುವುದು ಗೀಚುವ ಮೂಲಕ. ಕಲ್ಲಿನೊಳಗಿನ ಗಟ್ಟಿ ಕಣಗಳು ಉಕ್ಕಿನ ಮೇಲೆ ಸೂಕ್ಷ್ಮ ಗೀರುಗಳನ್ನು ಎಳೆಯುತ್ತವೆ. ಕಣ ದಪ್ಪಗಿದ್ದರೆ ಗೀರು ಆಳವಾಗಿ, ಬಾಯಿ ಗರಗಸದ ಹಲ್ಲಿನಂತಾಗುತ್ತದೆ. ಟೊಮೆಟೊ ಹೆಚ್ಚಲು ಅಂಥ ಬಾಯಿಯೇ ವಾಸಿ. ಆದರೆ ಗಲ್ಲದ ಮೇಲೆ ಅದನ್ನು ಓಡಿಸಿದರೆ ಉರಿ ತಪ್ಪದು. ಆದ್ದರಿಂದ ಕ್ಷೌರದ ಕಲ್ಲಿಗೆ ಎರಡು ಗುಣ ಬೇಕು: ಕಣ ಉಕ್ಕಿನಷ್ಟಾದರೂ ಗಟ್ಟಿಯಿರಬೇಕು, ಮತ್ತು ಅತಿ ಸಣ್ಣದಾಗಿ ಎಲ್ಲೆಡೆ ಒಂದೇ ಸಮನಾಗಿರಬೇಕು.

ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಹೀಗಿದ್ದೂ ಕತ್ತಿ ಮೊಂಡಾಗುವುದೇಕೆ ಎಂಬ ಪ್ರಶ್ನೆ ಸಹಜ. ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ಕೂದಲು ಬಾಗಿ ಬಾಯಿಗೆ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಒಂದೇ ಸಮನಿಲ್ಲದ ಜಾಗದಲ್ಲಿ ಅತಿ ಸಣ್ಣ ಚಕ್ಕೆ ಏಳುತ್ತದೆ. ಬಾಯಿಯಲ್ಲಿ ಒಂದು ಒರಟು ಗೀರಿದ್ದರೆ ಚಕ್ಕೆ ಏಳಲು ಅದೇ ದಾರಿ. ಕೊನೆಯ ಕಲ್ಲು ಅತಿ ನುಣುಪಾಗಿರಬೇಕೆಂದು ಹಿಂದಿನವರು ಹಟ ಹಿಡಿಯುತ್ತಿದ್ದುದರ ಹಿಂದೆ ಕಾರಣವಿತ್ತು ಎನ್ನಲು ಇಷ್ಟು ಸಾಕು.

ಬೆಂಗಳೂರಿನ ಬಂಡೆ ಯಾಕೆ ಆಗದು?

ಬೆಂಗಳೂರು ನಿಂತಿರುವುದೇ ಬಂಡೆಯ ಮೇಲೆ. ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ ಪೆನಿನ್ಸುಲರ್ ನೈಸ್ ಶಿಲೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಇಷ್ಟು ಕಲ್ಲಿದ್ದೂ ಕ್ಷೌರಿಕರು ಬೇರೆ ಕಲ್ಲನ್ನು ಹುಡುಕಬೇಕಾಯಿತು. ಕಾರಣ, ಈ ಶಿಲೆ ಭೂಮಿಯ ಆಳದಲ್ಲಿ ಬಹು ನಿಧಾನವಾಗಿ ತಣಿದು ಹರಳುಗಟ್ಟಿದ್ದು. ಅದರ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕದ ಕಣಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ. ಒಂದೊಂದರ ಗಡಸುತನವೂ ಬೇರೆ ಬೇರೆ. ಅದರ ಮೇಲೆ ಕೊಡಲಿ, ಕುಡುಗೋಲುಗಳನ್ನು ಮಸೆಯಬಹುದು, ಹಳ್ಳಿಗಳಲ್ಲಿ ಮಸೆಯುತ್ತಲೂ ಬಂದಿದ್ದಾರೆ. ಕ್ಷೌರಕತ್ತಿಯನ್ನು ಉಜ್ಜಿದರೆ ಬಾಯಿ ಹಾಳು.

ಅಡುಗೆಮನೆಯ ಕಟ್ಟೆಗೆ ಹಾಸುವ ಕಡಪ ಕಲ್ಲು ಮತ್ತು ಶಹಾಬಾದ್ ಕಲ್ಲುಗಳ ವಿಷಯ ಬೇರೆ. ಅವು ನುಣುಪಾಗೇನೋ ಇವೆ. ಆದರೆ ಅವು ಸುಣ್ಣದ ಶಿಲೆಗಳು. ಸುಣ್ಣಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್, ಖನಿಜಗಳ ಗಡಸುತನದ 1ರಿಂದ 10ರ ಮೋಸ್ ಮಾಪಕದಲ್ಲಿ 3ನೇ ಸ್ಥಾನದಲ್ಲಿದೆ. ಹದಗೊಳಿಸಿದ ಉಕ್ಕು ಅದರ ಎರಡರಷ್ಟು ಮೇಲಿದೆ. ಮೆದುವಾದದ್ದು ಗಟ್ಟಿಯಾದದ್ದನ್ನು ಗೀಚಲಾರದು. ಗೃಹಿಣಿಯರು ಉಪ್ಪಿನಕಾಯಿ ಭರಣಿಯ ತಳಕ್ಕೆ ಚಾಕು ಉಜ್ಜುತ್ತಾರಲ್ಲ, ಅದು ಕೆಲಸ ಮಾಡುತ್ತದೆ. ಮೆರುಗು ಹಚ್ಚದ ಆ ಸುಟ್ಟ ಪಿಂಗಾಣಿ ಉಕ್ಕಿಗಿಂತ ಗಟ್ಟಿ.

ಹಾಗಾದರೆ ಸರಿಯಾದ ಕಲ್ಲು ಯಾವುದು? ಪ್ರಾಚೀನ ಸಮುದ್ರಗಳ ತಳದಲ್ಲಿ ನುಣ್ಣನೆಯ ಕೆಸರು ಪದರ ಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದ ಶಿಲೆಗಳಲ್ಲಿ ಅದು ಸಿಗುತ್ತದೆ. ಜರ್ಮನಿಯ ತುರಿಂಗಿಯಾ ಪ್ರಾಂತದ ನುಣುಪು ಸ್ಲೇಟು ಹೀಗೆ ಹೆಸರಾಯಿತು. ಬೆಲ್ಜಿಯಂನ ಆರ್ಡೆನ್ ಬೆಟ್ಟಗಳಲ್ಲಿ, ವಿಯೆಲ್ಸಾಮ್ ಪಟ್ಟಣದ ಸುತ್ತ, ಕೊಟಿಕ್ಯೂಲ್ ಎಂಬ ಹಳದಿ ಕಲ್ಲು ಸಿಗುತ್ತದೆ. ಅದರಲ್ಲಿರುವ ಗಾರ್ನೆಟ್ ಹರಳುಗಳು ಕೆಲವೇ ಮೈಕ್ರಾನ್ ಗಾತ್ರದವು. ಬಹುಮುಖದ ಗುಂಡಗಿನ ಆಕಾರದವು. ಹಾಗಾಗಿ ಅವು ಆಳವಾಗಿ ಗೀಚದೆ ಉಕ್ಕನ್ನು ಮೇಲಿಂದ ಮೇಲೆ ಸವರುತ್ತವೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ನೊವಾಕ್ಯುಲೈಟ್ ಹೆಚ್ಚುಕಡಿಮೆ ಶುದ್ಧ ಬೆಣಚು. ಆದರೆ ಅತಿ ಸೂಕ್ಷ್ಮ ಕಣದ ಬೆಣಚು. ಜಪಾನಿನ ಕ್ಯೋಟೊ ಸುತ್ತಲಿನ ಬೆಟ್ಟಗಳ ಮಸೆಗಲ್ಲು ಕ್ಷೌರಿಕರಿಗೂ ಖಡ್ಗಕಾರರಿಗೂ ಸಮಾನವಾಗಿ ಬೇಕಾಗಿತ್ತು. ಅಲ್ಲಿನ ಬಹುತೇಕ ಗಣಿಗಳು ಈಗ ಮುಚ್ಚಿವೆ.

ನಮ್ಮ ನೆಲದ ಕುರುಂದ

ಬೆಂಗಳೂರಿನ ಬಂಡೆ ಕ್ಷೌರಕ್ಕೆ ಒದಗದಿದ್ದರೂ ಕನ್ನಡನಾಡು ಹರಿತದ ಚರಿತ್ರೆಗೆ ಒಂದು ದೊಡ್ಡ ಕಾಣಿಕೆ ಕೊಟ್ಟಿದೆ. ಅದು ಕುರುಂದ. ಗಡಸುತನದ ಮಾಪಕದಲ್ಲಿ ಇದಕ್ಕೆ 9ನೇ ಸ್ಥಾನ, ಮೇಲಿರುವುದು ವಜ್ರವೊಂದೇ. ಮಾಣಿಕ್ಯ, ನೀಲಗಳೂ ಇದೇ ಖನಿಜದ ಬಣ್ಣದ ರೂಪಗಳು. ಇಂಗ್ಲಿಷಿನ ‘ಕೋರಂಡಂ’ ಎಂಬ ಹೆಸರು ಹುಟ್ಟಿದ್ದೇ ದಕ್ಷಿಣ ಭಾರತದ ಈ ಮಾತಿನಿಂದ. ಹಳೆಯ ಮೈಸೂರು ಸಂಸ್ಥಾನದ ಮೈಸೂರು, ಹಾಸನ, ತುಮಕೂರು ಜಿಲ್ಲೆಗಳಲ್ಲಿ ಇದು ಸಿಗುತ್ತಿತ್ತು. ಭೂವಿಜ್ಞಾನಿ ಟಿ.ಎಚ್. ಹಾಲೆಂಡ್ ಅವರು ಭಾರತದ ಕುರುಂದದ ಬಗೆಗೇ 1898ರಲ್ಲಿ ಒಂದು ಗ್ರಂಥ ಹೊರತಂದರೆಂದರೆ ಅದರ ಮಹತ್ವವನ್ನು ಊಹಿಸಬಹುದು.

ಕುರುಂದವನ್ನು ಕುಟ್ಟಿ ಪುಡಿ ಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ, ಚಕ್ರದ ಆಕಾರಕ್ಕೆ ಅಚ್ಚು ಹಾಕುತ್ತಿದ್ದರು. ಇದೇ ಸಾಣೆಚಕ್ರ. ರತ್ನ ಕಡೆಯುವವರಿಗೆ, ಆಯುಧ ಮಾಡುವವರಿಗೆ ಇದು ಬೇಕೇಬೇಕು. ಗಟ್ಟಿ ಕಣಗಳನ್ನು ಒಂದು ಅಂಟಿನಿಂದ ಬಂಧಿಸಿ ಚಕ್ರ ಮಾಡುವ ಈ ಉಪಾಯವನ್ನೇ ಇಂದಿನ ಗ್ರೈಂಡಿಂಗ್ ವೀಲ್ ಕೂಡ ಅನುಸರಿಸುತ್ತದೆ. ಅಮೆರಿಕದ ಎಡ್ವರ್ಡ್ ಗುಡ್ರಿಚ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸಿ ಅದಕ್ಕೆ ‘ಕಾರ್ಬೊರಂಡಂ’ ಎಂದು ಹೆಸರಿಟ್ಟರು. ಆ ಹೆಸರಿನ ಬಾಲದಲ್ಲೂ ನಮ್ಮ ಕುರುಂದವೇ ಇದೆ. ಬಾಕ್ಸೈಟನ್ನು ಕರಗಿಸಿ ಕೃತಕ ಕುರುಂದವನ್ನೇ ತಯಾರಿಸುವ ವಿಧಾನ ಬಂದ ಮೇಲೆ ನೆಲದ ಕುರುಂದವನ್ನು ಕೇಳುವವರು ಕಡಿಮೆಯಾದರು.

ಚರಿತ್ರೆಯ ಈ ಎಳೆಗಳು ಬೆಂಗಳೂರಿನ ಹೊರವಲಯದಲ್ಲಿ ಮತ್ತೆ ಬಂದು ಸೇರುತ್ತವೆ. ವೈಟ್‌ಫೀಲ್ಡಿಗೆ ದೂರವಲ್ಲದ ಹಳೇ ಮದ್ರಾಸು ರಸ್ತೆಯ ಕಡೆ ಗ್ರೈಂಡ್‌ವೆಲ್ ನಾರ್ಟನ್ ಕಂಪನಿಯ ಕಾರ್ಖಾನೆಯಿದೆ. ಗ್ರೈಂಡಿಂಗ್ ವೀಲುಗಳಿಗೆ ಹೆಸರಾದ ಕಂಪನಿ ಅದು. ಪೀಣ್ಯದ ಟೂಲ್‌ರೂಮುಗಳಲ್ಲಿ ‘ಇಂಡಿಯಾ ಸ್ಟೋನ್’ ಎಂದು ಕರೆಯುವ ಕಂದು ಎಣ್ಣೆಗಲ್ಲು ಕೃತಕ ಕುರುಂದವೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಿನ್ಯಾಸಗೊಳ್ಳುವ ಚಿಪ್ಪುಗಳನ್ನು ಬೇರೆ ದೇಶದ ಕಾರ್ಖಾನೆಗಳಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆ ಮುದ್ರಿಸುತ್ತಾರೆ. ಆ ಬಿಲ್ಲೆಯನ್ನು ಕನ್ನಡಿಯಂತೆ ಸಮತಲಗೊಳಿಸುವುದು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳಿಂದ ಉಜ್ಜಿಯೇ. ಹಡಪದ ಕಲ್ಲಿಗೂ ಇವುಗಳಿಗೂ ದೂರದ ನೆಂಟಸ್ತಿಕೆಯಿದೆ.

ಕಲ್ಲನ್ನು ಬಳಸುವ ಬಗೆ

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿ ಬೀದಿ ಸುತ್ತುವ ಸಾಣೆಗಾರರ ಕಿಡಿ ಹಾರುವ ಸಾಣೆ ಕತ್ತರಿ, ಮಚ್ಚುಗಳಿಗೆ ಸರಿ. ಕ್ಷೌರಕತ್ತಿಯನ್ನು ಅದಕ್ಕೆ ಒಡ್ಡಿದರೆ ಕಾಗದದಷ್ಟು ತೆಳುವಾದ ಬಾಯಿ ಕ್ಷಣದಲ್ಲಿ ಕಾದು, ಉಕ್ಕಿನ ಹದವೇ ಹೋಗುತ್ತದೆ. ಆದ್ದರಿಂದ ಕ್ಷೌರಕತ್ತಿಗೆ ಮಟ್ಟಸವಾದ ಕಲ್ಲು, ನೀರು, ತಾಳ್ಮೆಯ ಕೈ ಈ ಮೂರೇ ಗತಿ.

ಮೊದಲು ಕಲ್ಲು ಮಟ್ಟಸವಾಗಿರಬೇಕು. ಮಧ್ಯದಲ್ಲಿ ತಗ್ಗಿದ್ದರೆ ಕತ್ತಿಯ ಬಾಯಿ ಎಲ್ಲ ಕಡೆಯೂ ಸಮನಾಗಿ ತಾಗುವುದಿಲ್ಲ. ಕತ್ತಿಯ ಕೋನವನ್ನು ಅಳೆಯುವ ತಾಪತ್ರಯವಂತೂ ಇಲ್ಲ. ಮಡಚುವ ಕತ್ತಿಯ ಬೆನ್ನನ್ನು ದಪ್ಪಗೆ ಮಾಡಿರುವುದೇ ಅದಕ್ಕೆ. ಬೆನ್ನು, ಬಾಯಿ ಎರಡನ್ನೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿಯೇ ಸಿಗುತ್ತದೆ. ಎರಡು ಬದಿ ಸೇರಿ ಸಾಮಾನ್ಯವಾಗಿ 16ರಿಂದ 18 ಡಿಗ್ರಿ. ಬೆನ್ನನ್ನು ಕಲ್ಲಿನಿಂದ ಎಂದೂ ಎತ್ತಬಾರದು. ಬಾಯಿಯನ್ನು ಮುಂದು ಮಾಡಿಕೊಂಡು, ಕಲ್ಲಿನಿಂದ ತೆಳ್ಳನೆಯ ಪದರವೊಂದನ್ನು ಹೆರೆಯುವಂತೆ ತಳ್ಳಬೇಕು. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಮಗುಚಿ ಹಿಂದಕ್ಕೆ ತರಬೇಕು. ಅಲಗು ಕಲ್ಲಿಗಿಂತ ಉದ್ದವಿದ್ದರೆ ಹಿಮ್ಮಡಿಯಿಂದ ತುದಿಯವರೆಗೂ ತಾಗುವಂತೆ ಓರೆಯಾಗಿ ಎಳೆಯಬೇಕು. ಒತ್ತಡ ಮಾತ್ರ ಕೂಡದು. ಕೊನೆಯ ಸುತ್ತುಗಳಲ್ಲಿ ಕತ್ತಿಯ ತೂಕವೇ ಸಾಕು.

ಕಲ್ಲಿನ ಮೇಲೆ ನೀರು ಚಿಮುಕಿಸಿ ಅದೇ ಜಾತಿಯ ಸಣ್ಣ ಕಲ್ಲಿನ ಚೂರಿನಿಂದ ಉಜ್ಜಿದರೆ ಗಂಧ ತೇಯ್ದಂತೆ ಒಂದು ಲೇಪ ಏಳುತ್ತದೆ. ಸಡಿಲಗೊಂಡ ಆ ಕಣಗಳು ಉಕ್ಕನ್ನು ಬೇಗ ಸವೆಸುತ್ತವೆ. ಆರಂಭದಲ್ಲಿ ಲೇಪ ಮಂದವಾಗಿರಬೇಕು. ಆಮೇಲೆ ಹನಿ ಹನಿಯಾಗಿ ನೀರು ಸೇರಿಸುತ್ತ ತೆಳುಮಾಡಿ, ಕೊನೆಗೆ ಬರಿಯ ನೀರಿನಲ್ಲೇ ಮುಗಿಸಬೇಕು. ಹೀಗೆ ಒಂದೇ ಕಲ್ಲು ಮೂರು ಕಲ್ಲುಗಳ ಕೆಲಸ ಮಾಡುತ್ತದೆ. ಕಾರ್ಖಾನೆಯ ಕಲ್ಲಿಗೆ ನಂಬರು ಇರುತ್ತದೆ. ನೆಲದಿಂದ ತೆಗೆದ ಕಲ್ಲಿಗೆ ನಂಬರಿಲ್ಲ. ಅದರ ಸ್ವಭಾವವನ್ನು ಬಳಸಿಯೇ ಅರಿಯಬೇಕು.

ನಂತರ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ತಿರುವುಮುರುವು: ಬೆನ್ನು ಮುಂದೆ, ಬಾಯಿ ಹಿಂದೆ. ಬಾಯಿ ಮುಂದಾದರೆ ಚರ್ಮವೂ ಕೊಯ್ಯುತ್ತದೆ, ಬಾಯಿಯೂ ಗುಂಡಾಗುತ್ತದೆ. ಹಗ್ಗದಂತೆ ಜೋಲದೆ ಪಟ್ಟಿ ಬಿಗಿಯಾಗಿರಬೇಕು. ಚರ್ಮ ಸಿಗದಾಗ ಅಂಗೈಯ ಮೇಲೆಯೇ ಕತ್ತಿ ಆಡಿಸುತ್ತಿದ್ದ ಹಿರಿಯರುಂಟು. ಕೊನೆಗೆ ಒಂದು ಕೂದಲನ್ನು ಹಿಡಿದು ಬಾಯಿಗೆ ಮುಟ್ಟಿಸಬೇಕು. ತಡೆಯಿಲ್ಲದೆ ತುಂಡಾದರೆ ಕೆಲಸ ಮುಗಿಯಿತು. ಸುಶ್ರುತನ ಪರೀಕ್ಷೆಯೂ ಇದೇ ಆಗಿತ್ತು.

ಕಲ್ಲನ್ನು ಕಾಪಾಡುವ ಬಗೆ

ಬಳಸಿದಂತೆಲ್ಲ ಕಲ್ಲಿನ ಮಧ್ಯಭಾಗ ತಗ್ಗಾಗುತ್ತದೆ. ಅದನ್ನು ಮಟ್ಟಸ ಮಾಡಲು ದಪ್ಪ ಗಾಜಿನ ಮೇಲೆ ನೀರಿಗೆ ತಾಳುವ ಉಜ್ಜುಕಾಗದವನ್ನು ಹಾಸಿಕೊಳ್ಳಬೇಕು. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು ನೀರು ಹಾಕಿ ಉಜ್ಜಬೇಕು. ಗೆರೆಗಳೆಲ್ಲ ಅಳಿದಾಗ ಕಲ್ಲು ಮಟ್ಟಸವಾಯಿತೆಂದು ತಿಳಿಯಬೇಕು. ಚೂಪಾದ ಅಂಚುಗಳನ್ನು ಸ್ವಲ್ಪ ಮೊಂಡು ಮಾಡಿದರೆ ಚಕ್ಕೆ ಏಳುವುದಿಲ್ಲ.

ಗಾಜು, ಕಾಗದ ಇಲ್ಲದವರಿಗೆ ಇನ್ನೊಂದು ದಾರಿಯಿದೆ. ಎರಡು ಕಲ್ಲುಗಳನ್ನು ಒಂದಕ್ಕೊಂದು ಉಜ್ಜಿದರೆ ಒಂದು ಉಬ್ಬಾಗಿ ಇನ್ನೊಂದು ತಗ್ಗಾಗಿ ಹೊಂದಿಕೊಂಡುಬಿಡಬಹುದು. ಮೂರು ಕಲ್ಲುಗಳನ್ನು ಸರದಿಯ ಮೇಲೆ ಜೋಡಿ ಜೋಡಿಯಾಗಿ ಉಜ್ಜಿದರೆ ಈ ಮೋಸ ನಡೆಯದು. ಮೂರೂ ಪರಸ್ಪರ ಹೊಂದಬೇಕಾದರೆ ಮೂರೂ ಮಟ್ಟಸವೇ ಆಗಬೇಕು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಲೋಹದ ಸಮತಲಗಳ ಬಗ್ಗೆ ಮಂಡಿಸಿದ ಪ್ರಬಂಧದ ನಂತರ ಈ ತತ್ತ್ವ ಎಂಜಿನಿಯರಿಂಗಿನ ಬುನಾದಿಗಳಲ್ಲಿ ಒಂದಾಯಿತು. ಪೀಣ್ಯದ ಪ್ರತಿ ಟೂಲ್‌ರೂಮಿನ ಸರ್ಫೇಸ್ ಪ್ಲೇಟು ಆ ತತ್ತ್ವದ ಫಲ.

ಇನ್ನು ಕೆಲವು ಎಚ್ಚರಿಕೆಗಳಿವೆ. ನೀರಿನ ಕಲ್ಲಿಗೆ ಎಣ್ಣೆ ಹಾಕಬಾರದು. ಎಣ್ಣೆ ಒಳಹೊಕ್ಕರೆ ಮತ್ತೆ ನೀರು ನಿಲ್ಲದು. ಎಣ್ಣೆಗಲ್ಲು ಜಿಡ್ಡುಗಟ್ಟಿದರೆ ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆಯಬೇಕು. ಪದರಗಲ್ಲನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿಡಬಾರದು. ನೀರು ಪದರಗಳ ನಡುವೆ ಇಳಿದು ಕಲ್ಲು ಬಿರಿಯುತ್ತದೆ. ಜಪಾನೀಯರು ಕಲ್ಲಿನ ಪಕ್ಕಗಳಿಗೆ ಅರಗಿನಂಥ ಮೆರುಗು ಬಳಿಯುವುದು ಇದನ್ನು ತಡೆಯಲೆಂದೇ. ಕೆಲಸವಾದ ಮೇಲೆ ತೊಳೆದು ನೆರಳಿನಲ್ಲಿ ಒಣಗಿಸಿ ಬಟ್ಟೆಯಲ್ಲಿ ಸುತ್ತಿಡಬೇಕು. ಅಟ್ಟದಲ್ಲಿ ಸಿಕ್ಕ ಕಲ್ಲು ಯಾವ ಜಾತಿಯದೆಂದು ತಿಳಿಯದಿದ್ದರೆ ಅದರಿಂದ ಸ್ವಲ್ಪ ಪುಡಿ ಕೆರೆದು ನಿಂಬೆರಸ ಹನಿಸಿ ನೋಡಬಹುದು. ನೊರೆಯೆದ್ದರೆ ಅದು ಸುಣ್ಣಶಿಲೆ. ನೊರೆಯೇಳದೆ, ಉಕ್ಕನ್ನು ಉಜ್ಜಿದಾಗ ಬೂದುಗಪ್ಪು ಗೆರೆ ಉಳಿದರೆ ಕಲ್ಲು ಉಕ್ಕನ್ನು ತಿನ್ನುತ್ತಿದೆ ಎಂದರ್ಥ.

ಸೋತದ್ದು ಯಾಕೆ?

ಇಷ್ಟೆಲ್ಲ ಗುಣವಿದ್ದ ಕಲ್ಲು ಅಟ್ಟ ಸೇರಿದ್ದೇಕೆ? ಅಮೆರಿಕದ ಕಿಂಗ್ ಜಿಲೆಟ್ ಅವರ ಕಂಪನಿ 1903ರಲ್ಲಿ ಬಿಸಾಡುವ ಬ್ಲೇಡಿನ ಮಾರಾಟ ಆರಂಭಿಸಿತು. ಅದು ಮನೆಯಲ್ಲೇ ಮುಖಕ್ಷೌರ ಮಾಡಿಕೊಳ್ಳುವವರನ್ನು ಗೆದ್ದಿತು. ಆದರೆ ಅಂಗಡಿಗಳಲ್ಲಿ ಮಡಚುವ ಕತ್ತಿ ಆಮೇಲೂ ಬಹುಕಾಲ ಬಾಳಿತು. ಅಲ್ಲಿ ಅದನ್ನು ಕೊನೆಗೆ ಸೋಲಿಸಿದ್ದು ರೋಗದ ಭಯ. ಭಾರತದಲ್ಲಿ ಎಚ್ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಮುಂದಿನ ವರ್ಷಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬ ಮಾತು ಊರೂರಿಗೂ ತಲುಪಿತು. ಗೋಡೆಯ ಮೇಲೆ ತೂಗುತ್ತಿದ್ದ ಚರ್ಮದ ಪಟ್ಟಿ ಇಳಿಯಿತು.

ಆ ತೀರ್ಮಾನ ಸರಿಯಾದದ್ದೇ. ಇದರಲ್ಲಿ ಹಳೆಯದರ ಮೇಲಿನ ಮೋಹ ಅಡ್ಡ ಬರಬಾರದು. ಹೆಪಟೈಟಿಸ್-ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದ ಒಂದು ಗೀರು ಸಾಕು. ಕತ್ತಿಯನ್ನು ತೊಳೆದರೂ ಅದು ಮುಟ್ಟಿದ ಕಲ್ಲು, ಚರ್ಮಗಳನ್ನು ಪ್ರತಿ ಗಿರಾಕಿಗೂ ರೋಗಮುಕ್ತಗೊಳಿಸುವುದು ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಆದ್ದರಿಂದ ಅಂಗಡಿಯಲ್ಲಿ ಬ್ಲೇಡೇ ಇರಲಿ. ಮಡಚುವ ಕತ್ತಿ, ಕಲ್ಲುಗಳೇನಿದ್ದರೂ ಒಬ್ಬರು ತಮ್ಮೊಬ್ಬರ ಬಳಕೆಗೆ ಇಟ್ಟುಕೊಳ್ಳಬೇಕಾದವು. ಆದರೆ ಒಂದು ವಿಷಯವನ್ನು ಮರೆಯಬಾರದು. ಕಲ್ಲು ಸೋತದ್ದು ಶುಚಿತ್ವದ ಪ್ರಶ್ನೆಯಲ್ಲಿ. ಹರಿತದಲ್ಲಿ ಅಲ್ಲ, ಕೈಯ ಕೌಶಲದಲ್ಲಂತೂ ಅಲ್ಲ.

ಎರಡು ಬಗೆಯ ಗೌರವ

ಹಾಗಿದ್ದೂ ಈ ಕೌಶಲವನ್ನು ಕೌಶಲವೆಂದು ಯಾರೂ ಎಣಿಸಲಿಲ್ಲ ಎಂಬುದೇ ನೋವಿನ ಸಂಗತಿ. ಹಳೇ ಮೈಸೂರಿನ ಕಡೆ ಕ್ಷೌರಿಕರಿಗೆ ಕೆಲಸಿ ಎಂಬ ಹೆಸರಿತ್ತು. ಕೆಲಸ ಬಲ್ಲವನು ಎಂಬ ಅಂಥ ಮಾತೂ ಕಾಲಾಂತರದಲ್ಲಿ ಹೀನಾರ್ಥಕ್ಕೆ ಇಳಿಯಿತು. ಶುಭಕಾರ್ಯಕ್ಕೆ ಅವರ ಕತ್ತಿ ಬೇಕು, ಪಂಕ್ತಿಯಲ್ಲಿ ಅವರು ಬೇಡ. ಇನ್ನೊಂದು ಹೆಸರಂತೂ ಬೈಗುಳವಾಗಿಯೇ ಬಳಕೆಯಾಯಿತು. ಸಮುದಾಯ ಅದನ್ನು ವಿರೋಧಿಸುತ್ತ, ಸವಿತಾ ಸಮಾಜ ಎಂಬ ಹೆಸರಿನಲ್ಲಿ ಸಂಘಟಿತವಾಗಿದೆ. 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ವಚನಕಾರ ಹಡಪದ ಅಪ್ಪಣ್ಣನವರನ್ನು ಉತ್ತರ ಕರ್ನಾಟಕದ ಕ್ಷೌರಿಕರು ತಮ್ಮ ಹಿರಿಯರೆಂದು ನೆನೆಯುತ್ತಾರೆ.

ಮರ್ಯಾದೆ ಸಿಕ್ಕ ಉದಾಹರಣೆ ಇಲ್ಲದಿಲ್ಲ. ವಿಜಯನಗರದ ಸದಾಶಿವರಾಯನ ಕಾಲದಲ್ಲಿ, 1540ರ ದಶಕದಲ್ಲಿ, ಕೊಂಡೋಜ ಎಂಬ ಕ್ಷೌರಿಕ ಅಳಿಯ ರಾಮರಾಯನನ್ನು ತನ್ನ ಕೆಲಸದಿಂದ ಮೆಚ್ಚಿಸಿದ. ಕೊಂಡೋಜನ ಕೋರಿಕೆಯಂತೆ ಕ್ಷೌರಿಕರ ಮೇಲಿನ ತೆರಿಗೆ, ಬಿಟ್ಟಿ ಕೆಲಸಗಳನ್ನು ಮನ್ನಾ ಮಾಡಲಾಯಿತು. ಬಾದಾಮಿಯೂ ಸೇರಿದಂತೆ ಹಲವು ಊರುಗಳಲ್ಲಿ ಈ ಆಜ್ಞೆಯ ಶಾಸನಗಳಿವೆ. ತನಗೊಬ್ಬನಿಗೆ ಜಹಗೀರು ಕೇಳದೆ ತನ್ನವರೆಲ್ಲರ ಬಿಟ್ಟಿಯನ್ನು ಬಿಡಿಸಿದ ಆತನ ದೊಡ್ಡತನ ಕಲ್ಲಿನ ಮೇಲೆ ಉಳಿದಿದೆ.

ಈಗ ಪೀಣ್ಯದ ಕಡೆ ನೋಡೋಣ. 1970ರ ದಶಕದಿಂದ ಬೆಳೆದ ಈ ಪ್ರದೇಶದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಲೋಹ ಉಜ್ಜುವವರಿಗೆ ತಂತ್ರಜ್ಞರೆಂಬ ಹೆಸರಿದೆ. ರಾಜಾಜಿನಗರದಲ್ಲಿ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್‌ರೂಂ ತರಬೇತಿ ಕೇಂದ್ರ ಬಂದ ಮೇಲೆ ಈ ವಿದ್ಯೆಗೆ ಪಠ್ಯಕ್ರಮವೂ ಪದವಿಪತ್ರವೂ ಬಂದವು. ಸಮತಲ, ಕೋನ, ಕಣದ ಗಾತ್ರ, ಒತ್ತಡ, ನೀರು, ಎಣ್ಣೆ ಎಂದು ಅಲ್ಲಿ ಕಲಿಸುವ ಪಾಠಗಳನ್ನೇ ಕ್ಷೌರಿಕರ ಮಗ ಅಪ್ಪನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕಲಿಯುತ್ತಿದ್ದ. ಒಬ್ಬರಿಗೆ ಸಿಕ್ಕಿದ್ದು ಸಂಬಳ, ಸಮವಸ್ತ್ರ; ಇನ್ನೊಬ್ಬರಿಗೆ ಸಿಕ್ಕಿದ್ದು ಸುಗ್ಗಿಯಲ್ಲಿ ಒಂದಿಷ್ಟು ಕಾಳು. ವಿದ್ಯೆಯಲ್ಲಿ ಇಲ್ಲದ ಭೇದವನ್ನು ಸಮಾಜ ಮಾಡಿತು.

ಯಾವ ಮುಖವನ್ನು ಉಜ್ಜಬೇಕು?

ಅಟ್ಟದ ಮೇಲಿನ ಕಲ್ಲನ್ನು ಏನು ಮಾಡಬೇಕು? ಅದನ್ನು ಕೆಳಗಿಳಿಸಿ ತೊಳೆಯಬಹುದು. ಮನೆಯ ಹಿರಿಯರಿದ್ದರೆ ಅದು ಎಲ್ಲಿಂದ ಬಂತು, ಯಾರು ಕೊಟ್ಟರು, ಅದರ ಮೇಲೆ ನೀರೋ ಎಣ್ಣೆಯೋ ಎಂದು ಕೇಳಿ ಬರೆದಿಡಬಹುದು. ಈ ಮಾಹಿತಿ ಯಾವ ಪುಸ್ತಕದಲ್ಲೂ ಸಿಗದು. ಆ ಹಿರಿಯರೊಂದಿಗೇ ಹೋಗಿಬಿಡುತ್ತದೆ. ಕಲ್ಲು ಕೆಲಸಕ್ಕೂ ಬರುತ್ತದೆ: ಮರಗೆಲಸದ ಉಳಿಗೆ, ಅಡುಗೆಮನೆಯ ಚಾಕುವಿಗೆ, ತನ್ನ ಮುಖವನ್ನು ತಾನೇ ಬೋಳಿಸಿಕೊಳ್ಳುವ ಹವ್ಯಾಸಿಯ ಕತ್ತಿಗೆ.

ಒಂದು ತೊಡಕು ಉಳಿಯುತ್ತದೆ. ಹಳೆಯ ಕಲ್ಲಿನ ಮಧ್ಯದಲ್ಲಿ ದೋಣಿಯಂಥ ಒಂದು ತಗ್ಗು ಇರುತ್ತದೆ. ಅದು ಅಜ್ಜ, ಮುತ್ತಜ್ಜಂದಿರ ಕೈ ಸಾವಿರಾರು ಬೆಳಗಿನ ಹೊತ್ತು ಓಡಾಡಿದ ದಾರಿ. ಅವರ ಹೆಸರಿನಲ್ಲಿ ಬೇರೆ ಶಾಸನವಿಲ್ಲ. ಅದನ್ನು ಮಟ್ಟಸ ಮಾಡದೆ ಕಲ್ಲು ಕೆಲಸ ಮಾಡದು. ಮಾಡಿದರೆ ಆ ಗುರುತು ಅಳಿಯುತ್ತದೆ. ಅದೃಷ್ಟವಶಾತ್ ಕಲ್ಲಿಗೆ ಎರಡು ಮುಖಗಳಿವೆ. ತಗ್ಗಿರುವ ಮುಖವನ್ನು ಹಾಗೆಯೇ ಬಿಟ್ಟು, ಮಗುಚಿ, ಇನ್ನೊಂದು ಮುಖಕ್ಕೆ ಪೆನ್ಸಿಲಿನ ಗೆರೆ ಎಳೆದು, ನೀರು ಚಿಮುಕಿಸಿ ಉಜ್ಜಲು ಆರಂಭಿಸಿದರಾಯಿತು.